ಬನ್ನಿ ಮುರಿದ ಮರುದಿನ

ಸಪ್ತಾಪುರದಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಮಾಳಿಗೆಯ ಖೋಲಿಗೆ ಉತ್ತರಕ್ಕೊಂದು ದೊಡ್ಡ ಕಿಟಕಿಯಿದೆ. ಆ ಕಿಟಕಿಗಾಗಿಯೇ ಖೋಲಿ ಹಿಡಿದದ್ದು. ಉತ್ತರದಿಂದ ಬಿಸಿಲು ನೇರ ಒಳಗೆ ಬರುವುದಿಲ್ಲ. ಕ್ಯಾನ್ವಾಸಿನ ಮೇಲಿನ ಬಣ್ಣ ಬೆಳಿಗ್ಗೆ ಕಂಡಂತೆಯೇ ಸಂಜೆಗೂ ಕಾಣುತ್ತದೆ. ಒಂದಷ್ಟು ದಿನ ಸುಖವಾಗಿದ್ದೆ. ಆಮೇಲೆ ಎದುರಿನ ಕಟ್ಟಡಕ್ಕೆ ಒಂದು ಕೋಚಿಂಗ್ ಕ್ಲಾಸು ಬಂತು. ಅವರು ಬಂದು ಮೊದಲು ಮಾಡಿದ ಕೆಲಸವೆಂದರೆ, ಪಾಸಾದವರ ಮುಖಗಳಿರುವ ಹಳದಿ ಫ್ಲೆಕ್ಸ್ ಒಂದನ್ನು ಸರಿಯಾಗಿ ನನ್ನ ಕಿಟಕಿಯ ಎದುರಿಗೇ ಕಟ್ಟಿದ್ದು. ನನ್ನ ಖೋಲಿಯ ಬಿಳಿ ಗೋಡೆಗೆ ಕಾಮಾಲೆ ಹತ್ತಿತು. ನೀಲಿ ಹಚ್ಚಿದರೆ ಹಸಿರು ಕಾಣತೊಡಗಿತು. ಹೋಗಿ ಹೇಳಿದೆ. 'ಮುಂದಿನ ರಿಸಲ್ಟ್ ಬಂದ ಮ್ಯಾಲೆ ಬದಲಿ ಮಾಡ್ತೀವಿ ತಗೋರಿ' ಎಂದರು. ಬದಲಿ ಮಾಡಿದರು ಕೂಡ. ಈಗ ಕಿತ್ತಳೆ ಬಣ್ಣದ್ದಿದೆ, ಮೊದಲಿನದಕ್ಕಿಂತ ದೊಡ್ಡದು.

ದಿನಾ ಬೆಳಿಗ್ಗೆ ನನ್ನ ಮೊದಲ ಕೆಲಸ ಒಂದು ತಾಮ್ರದ ತಂಬಿಗೆ, ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಇದ್ದಿಲಿನಲ್ಲಿ ಬರೆಯುವುದು. ಹಾಡುವವರು ಬೆಳಿಗ್ಗೆ ಷಡ್ಜ ಹಿಡಿದು ಕೂತ ಹಾಗೆ. ಕೈ ಸಡಿಲಾಗುತ್ತದೆ, ಕಣ್ಣು ಎಚ್ಚರಾಗುತ್ತದೆ. ಬರೆದದ್ದನ್ನು ಅರಿವೆಯಿಂದ ಒರೆಸಿ ಹಾಕುತ್ತೇನೆ. ಕ್ಲಾಸಿನ ಹುಡುಗ ಹುಡುಗಿಯರು ಮಾಳಿಗೆ ಹತ್ತುವ ನಮ್ಮ ಪಾವಟಿಗೆಯ ಮೇಲೆ ಕೂತು ಏನೇನೋ ಬಾಯಿಪಾಠ ಮಾಡುತ್ತಿರುತ್ತಾರೆ. ಅವರಲ್ಲೊಬ್ಬಳು ಒಮ್ಮೆ ಬಾಗಿಲಲ್ಲಿ ಇಣುಕಿ ಕೇಳಿದಳು.

'ಸರ, ದಿನಾ ಅದ ತಂಬಗಿ ತಗೀತೀರಲ್ರಿ, ಮರುದಿನಕ್ಕ ಮರತು ಹೋಗತೈತೇನ್ರಿ?'

'ಹೂಂ, ಮರತು ಹೋಗತೈತಿ.'

'ಹಂಗಾದ್ರ ನಮ್ಮಂಗ ಬಾಯಿಪಾಠ ಮಾಡಿಬಿಡ್ರಿ ಸರ.'

ಪಾವಟಿಗೆಯ ತುಂಬ ನಗು. ನಾನು ಬಾಗಿಲು ಮುಂದೆ ಮಾಡಿದೆ. ಆದರೆ ಹುಡುಗಿ ಕೇಳಿದ್ದು ತಪ್ಪಲ್ಲ. ತಂಬಿಗೆ ನನಗೆ ನಿಜವಾಗಿಯೂ ನೆನಪಿರುವುದಿಲ್ಲ. ಅದರ ಕಂಠ ಎಷ್ಟು ಸಣ್ಣದು ಎಂದು ಇವತ್ತು ಯಾರಾದರೂ ಕೇಳಿದರೆ ನಾನು ಎದ್ದು ಹೋಗಿ ನೋಡಿಯೇ ಹೇಳಬೇಕು.

ಇದೊಂದು ರೋಗವೇ ಇರಬಹುದು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಯಾವುದನ್ನೂ ಸುಮ್ಮನೆ ಒಪ್ಪಬಾರದು ಎಂದು ಕಲಿಸಿದರು. ನಾನು ಅದೊಂದನ್ನು ಮಾತ್ರ ಸುಮ್ಮನೆ ಒಪ್ಪಿಕೊಂಡೆ. ಆಮೇಲೆ ಚಿತ್ರಕಲೆಗೆ ಬಂದೆ. ಹೊಸದರಲ್ಲಿ ಹುಬ್ಬಳ್ಳಿಯ ನಮ್ಮ ಹತ್ತಿ ಅಂಗಡಿಯ ಚಿತ್ರವೊಂದನ್ನು ನೆನಪಿನಿಂದ ಬರೆದಿದ್ದೆ. ಬಾಲ್ಯವಿಡೀ ಅದರ ಕಟ್ಟೆಯ ಮೇಲೆ ಕಳೆದವನು ನಾನು. ಬಾಗಿಲಿಗೆ ಹಸಿರು ಹಚ್ಚಿದೆ. ನೋಡಿದ ಅವ್ವ, 'ಎಂದ್ ಹಸರಿತ್ತೋ ಅದು? ನೀಲಿ ಅಲ್ಲೇನು' ಎಂದಳು. ಅಣ್ಣನೂ ನೀಲಿ ಎಂದ. ಅಂಗಡಿ ಮಾರಿ ಬಹಳ ವರ್ಷವಾಗಿದ್ದರೂ ಆ ಬಾಗಿಲಿನ ಒಂದು ಕದ ಅಣ್ಣನ ಹಿತ್ತಿಲಲ್ಲಿ ಬಿದ್ದಿತ್ತು. ಕೆರೆದು ನೋಡಿದೆವು. ಹಸಿರೂ ಇಲ್ಲ, ನೀಲಿಯೂ ಇಲ್ಲ, ಒಳಗಿನ ತನಕ ಕಂದು. ಅವ್ವ ಆಮೇಲೂ ನೀಲಿ ಎಂದೇ ಹೇಳುತ್ತಿದ್ದಳು. ನಾನು ಮಾತ್ರ ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಕಣ್ಣಿನ ಎದುರಿಗೆ ಇಲ್ಲದ್ದನ್ನು ಕ್ಯಾನ್ವಾಸಿನ ಮೇಲೆ ಇಡುವುದಿಲ್ಲ. ಬರೆಯುವ ವಸ್ತುವಿನ ಎದುರು ಕೂತೇ ಬರೆಯಬೇಕು, ಎದುರು ಕೂತೇ ಮುಗಿಸಬೇಕು.

ಈ ನಿಯಮದ ಬಲದ ಮೇಲೆಯೇ ಕಳೆದ ವರ್ಷ ಧಾರವಾಡದಲ್ಲಿ ನನ್ನದೊಂದು ಪ್ರದರ್ಶನ ಇಟ್ಟುಕೊಂಡೆ. ದೀಪಾವಳಿಗೆ ಮೊದಲು ಶುರು. ಆಮಂತ್ರಣದ ಮೇಲೆ ನಾನೇ ಒತ್ತಾಯ ಮಾಡಿ ಒಂದು ಸಾಲು ಹಾಕಿಸಿದ್ದೆ: ಇಲ್ಲಿಯ ಎಲ್ಲ ಚಿತ್ರಗಳನ್ನೂ ಎದುರು ಕೂತು ಬರೆಯಲಾಗಿದೆ. ಹೆಂಡತಿ ಓದಿ, 'ಇದೇನು, ನ್ಯಾಯಾಧೀಶರ ಮುಂದ ಪ್ರಮಾಣ ಮಾಡಿದ್ಹಂಗ ಆತಲ್ರಿ' ಎಂದಳು. ಆದರೆ ಅದು ನನಗೆ ಪ್ರಮಾಣವೇ ಆಗಿತ್ತು. ಆ ಸಾಲು ಸುಳ್ಳಾದರೆ ಇಷ್ಟು ವರ್ಷದ ನನ್ನ ಹಟಕ್ಕೆ ಅರ್ಥವೇ ಇಲ್ಲ.

ಪ್ರದರ್ಶನದ ನಡುಗೋಡೆಗೆಂದು ಇಟ್ಟುಕೊಂಡಿದ್ದ ದೊಡ್ಡ ಚಿತ್ರ ಒಂದು ಬನ್ನಿ ಗಿಡದ್ದು. ಧಾರವಾಡದಲ್ಲಿ ಗಿಡಗಳಿಗೆ ಬರವಿಲ್ಲ. ಅದೇ ತೊಂದರೆ. ಒಂದರ ಹಿಂದೆ ಇನ್ನೊಂದು ನಿಂತು ಯಾವುದರ ಆಕಾರವೂ ಪೂರ್ತಿ ಕಾಣುವುದಿಲ್ಲ. ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದರೆ ಎರಿ ಹೊಲಗಳು. ಅಲ್ಲಿ ನೆಲ ಸಪಾಟು, ಕರಿ. ಮೇಲೆ ಬರೀ ಆಕಾಶ. ನಡುವೆ ಒಂಟಿ ಗಿಡ. ಶಿರಗುಪ್ಪಿಯ ಹತ್ತಿರ ಒಂದು ಹೊಲದ ಬದುವಿನ ಮೇಲೆ ಅಂಥದೊಂದು ಬನ್ನಿ ಕಂಡಿತು. ಹೊಲದ ಯಜಮಾನರು ಅರವತ್ತು ದಾಟಿದ ಮನುಷ್ಯ. ನಾನು ಕಾಕಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಒಂದು ದಿನವೂ ಯಾರಿಗೂ ಪಾಠ ಹೇಳಿದವನಲ್ಲ ನಾನು ಎಂದರೆ, 'ಇರಲಿ ತಗೋರಿ ಮಾಸ್ತರ' ಎನ್ನುತ್ತಿದ್ದರು.

ಮಳೆಗಾಲವಿಡೀ ಅಲ್ಲಿಗೆ ಓಡಾಡಿದೆ. ಮಳೆ ಬಂದರೆ ಎರಿ ಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಎರಡು ಸೇರು ಭಾರವಾಗುತ್ತದೆ. ದೊಡ್ಡ ಕ್ಯಾನ್ವಾಸನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟರೆ ಗಾಳಿ ಅದನ್ನು ಹಿಡಿದು ನನ್ನನ್ನು ಲಾರಿಗಳ ಕಡೆಗೆ ದೂಡುತ್ತಿತ್ತು. ಕೊನೆಗೆ ಕ್ಯಾನ್ವಾಸನ್ನು ಕಾಕಾನ ಮನೆಯ ಪಡಸಾಲೆಯಲ್ಲಿ ಹೆಸರುಕಾಳಿನ ಚೀಲಗಳ ಪಕ್ಕ ಇಡತೊಡಗಿದೆ. ಹಸಿ ಬಣ್ಣಕ್ಕೆ ಹೊಟ್ಟು ಅಂಟುತ್ತಿತ್ತು. ಚಿಮಟದಿಂದ ಒಂದೊಂದೇ ಆರಿಸಿ ತೆಗೆದು ಕೆಲಸ ಶುರು ಮಾಡಬೇಕು. ಕಾಕಾ ಒಂದು ದಿನವೂ ಚಿತ್ರದ ಹತ್ತಿರ ಬಂದು ನೋಡಲಿಲ್ಲ. ಬದುವಿನ ಮೇಲೆ ಟಾವೆಲ್ ಹಾಸಿಕೊಂಡು ಮಲಗಿ, 'ಮುಗೀತೇನ್ರಿ ಮಾಸ್ತರ?' ಎಂದು ಕೂಗುವುದಷ್ಟೇ. ಮುಗಿಯಲಿಲ್ಲ ಎಂದರೆ ಮಗ್ಗಲು ಬದಲಿಸುತ್ತಿದ್ದರು.

ಅಷ್ಟರಲ್ಲಿ ಬೊಡ್ಡೆ ಮುಗಿಯಿತು, ನೆಲ ಮುಗಿಯಿತು, ಆಕಾಶ ಮುಗಿಯಿತು, ಗಿಡದ ಬಲ ಅರ್ಧ ಮುಗಿಯಿತು. ಎಡಗಡೆಯ ಎಲೆಗಳನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಮಳೆ ನಿಂತ ಮೇಲಿನ ಬೆಳಗಿನ ಬಿಸಿಲು ಆ ಕಡೆಯಿಂದ ಬರುತ್ತದೆ. ಬನ್ನಿ ಎಲೆ ಬಹಳ ಸಣ್ಣದು. ಬಿಸಿಲು ಅದರೊಳಗೆ ಜರಡಿ ಹಿಡಿದ ಹಾಗೆ ಇಳಿಯುತ್ತದೆ. ಅದನ್ನು ನೋಡಿಯೇ ಬರೆಯಬೇಕಿತ್ತು.

ಅಷ್ಟೊತ್ತಿಗೆ ನವರಾತ್ರಿ ಕೂತಿತು. ಊರ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಬಂದು ಗಿಡಕ್ಕೆ ಪೂಜೆ ಮಾಡತೊಡಗಿದರು. ನಾನು ಹೋಗುವಷ್ಟರಲ್ಲಿ ಬೊಡ್ಡೆಗೆಲ್ಲ ಅರಿಷಿಣ, ಕುಂಕುಮ, ಸುತ್ತ ಖಣದ ತುಂಡು, ಕೆಳಗೆ ಒಡೆದ ತೆಂಗಿನಕಾಯಿ, ಅದಕ್ಕೆ ಮುತ್ತಿದ ಇರುವೆ. ಬರೆದು ಮುಗಿದ ಬೊಡ್ಡೆ ಬೇರೆ, ಎದುರಿಗಿರುವ ಬೊಡ್ಡೆ ಬೇರೆ. ಅರಿಷಿಣದ ಹೊಳಪು ಕೆಳಗಿನ ಎಲೆಗಳಿಗೂ ಬಡಿದು ಬಣ್ಣವೇ ಕೆಟ್ಟಿತ್ತು. ನಾನು ಬಹಳ ವಿಚಾರ ಮಾಡಿ ಒಂದು ತೀರ್ಮಾನಕ್ಕೆ ಬಂದೆ: ಹೇಗೂ ಒಂಬತ್ತು ದಿನದ ಮಾತು. ಹಬ್ಬ ಮುಗಿಯಲಿ, ಜನರ ಗದ್ದಲ ಅಡಗಲಿ, ಆಮೇಲೆ ಬಂದು ಆರಾಮಾಗಿ ಮುಗಿಸೋಣ.

ಕ್ಯಾನ್ವಾಸನ್ನು ಸಪ್ತಾಪುರಕ್ಕೆ ತಂದೆ. ಹಬ್ಬದ ಸಂಜೆ ಹೊಸ ಜುಬ್ಬ ತೊಟ್ಟು ಓಣಿಯಲ್ಲಿ ಎಲ್ಲರ ಮನೆಗೂ ಹೋಗಿ ಬಂದೆ. ಹಿರಿಯರ ಕಾಲಿಗೆ ಬಿದ್ದೆ. ಬನ್ನಿ ಎಲೆ ಕೊಟ್ಟೆ, ಬನ್ನಿ ಎಲೆ ಇಸಗೊಂಡೆ. 'ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ' ಎಂದು ಎಷ್ಟು ಜನರಿಗೆ ಅಂದೆನೋ ಲೆಕ್ಕವಿಲ್ಲ. ಜುಬ್ಬದ ಎರಡೂ ಕಿಸೆ ತುಂಬಿದ್ದವು. ಎಲೆ ಎಲ್ಲಿಂದ ಬರುತ್ತದೆ ಎಂಬ ಯೋಚನೆ ಆ ಸಂಜೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಹುಟ್ಟಿದಾಗಿನಿಂದ ಅದು ನನಗೆ ಪೇಟೆಯಿಂದ ಕಟ್ಟು ಕಟ್ಟಾಗಿ ಬರುವ ವಸ್ತು. ಅದಕ್ಕೊಂದು ಗಿಡ ಇರುತ್ತದೆ, ಆ ಗಿಡದ ಎದುರು ನಾನು ಮಳೆಗಾಲವಿಡೀ ಕೂತಿದ್ದೇನೆ, ಇವೆರಡನ್ನು ಜೋಡಿಸುವ ತಂತಿ ನನ್ನ ತಲೆಯಲ್ಲಿ ಇರಲೇ ಇಲ್ಲ.

ಮರುದಿನ ಬೆಳಿಗ್ಗೆ ಎದ್ದವನೇ ಶಿರಗುಪ್ಪಿಗೆ ಹೋದೆ. ಬೆಳಕು ಬಹಳ ಚೆನ್ನಾಗಿತ್ತು ಎಂದು ನನಗೆ ನೆನಪು. ಹೆಂಡತಿ ಹೇಳುವ ಪ್ರಕಾರ ಅಂದು ಮೋಡ ಇತ್ತಂತೆ. ಇರಲಿ. ಗಿಡ ಮಾತ್ರ ಹೇಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಕೈಗೆ ನಿಲುಕುವ ಎತ್ತರದಲ್ಲಿ ಒಂದು ಎಲೆಯೂ ಇರಲಿಲ್ಲ. ಅದರ ಮೇಲಿನದು, ಹುಡುಗರು ಹತ್ತಿದಷ್ಟು ಎತ್ತರದವರೆಗೆ ಹರಿದುಹೋಗಿತ್ತು. ಟೊಂಗೆಗಳು ಚರಕ್ಕನೆ ಮುರಿದು ಬಿಳಿ ಸೀಳು ತೋರಿಸುತ್ತಿದ್ದವು. ನೆತ್ತಿಯ ಮೇಲೆ ಜುಟ್ಟಿನಂತೆ ಒಂದಿಷ್ಟು ಹಸಿರು.

ಕಾಕಾ ಬದುವಿನ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದು, ಅಂಗಿಯ ಕಿಸೆಯಿಂದ ನಾಲ್ಕು ಎಲೆ ತೆಗೆದು ನನ್ನ ಕೈಗೆ ಹಾಕಿದರು.

'ನಿನ್ನಿ ಬರ್ತೀರಿ ಅಂದಕೊಂಡಿದ್ದೆ ಮಾಸ್ತರ. ಬಂಗಾರದ್ಹಂಗ ಇರೂಣ್ರಿ.'

'ಕಾಕಾ, ಗಿಡಾ ಏನ್ ಮಾಡೀರಿದು?'

'ಏನ್ ಮಾಡೇವ್ರಿ? ಬನ್ನಿ ಮುರದೇವಿ.'

'ನಾ ಇನ್ನೂ ಅರ್ಧಾ ಬರಿಯೂದಿತ್ತಲ್ರಿ!'

'ಹಬ್ಬಕ್ಕ ಬನ್ನಿ ಮುರಿತಾರಂತ ನಿಮಗ್ಗೊತ್ತಿಲ್ಲೇನ್ರಿ?' ಕಾಕಾ ನನ್ನನ್ನೇ ನೋಡಿದರು. 'ಎಲ್ಲಿಯವ್ರು ನೀವು?'

'ಹುಬ್ಬಳ್ಳಿಯವ.'

'ಹುಬ್ಬಳ್ಳ್ಯಾಗ ಹಬ್ಬಾ ಮಾಡೂದಿಲ್ಲೇನು?'

ಹಿಂದಿನ ದಿನದ ಎಲೆಗಳು ಮನೆಯ ದೇವರ ಮುಂದೆ ಒಂದು ತಾಟಿನ ತುಂಬ ಇದ್ದವು.

'ಮಂದಿಗೆ ಒಂದು ಮಾತು ಹೇಳಿದ್ರ ಎಡಕಿನ ಭಾಗಾ ಅಷ್ಟ ಬಿಡ್ತಿದ್ದಿಲ್ಲೇನ್ರಿ?' ಎಂದೆ. ಈ ಪ್ರಶ್ನೆ ಎಷ್ಟು ಹುಚ್ಚುಚ್ಚಾಗಿತ್ತು ಎಂದು ಕೇಳಿದ ಕೂಡಲೇ ನನಗೇ ತಿಳಿಯಿತು. ಕಾಕಾ ಮಾತ್ರ ಗಂಭೀರವಾಗಿ ವಿಚಾರ ಮಾಡಿದರು.

'ಊರಾಗಿನ ಮಂದಿಗೆ ಬಲಕಿಂದ ಅಷ್ಟ ಮುರೀರಿ ಅಂತ ಹೆಂಗ ಹೇಳಲಿ? ಚಿಂತಿ ಬ್ಯಾಡ ತಗೋರಿ. ಮತ್ತ ಚಿಗೀತೈತಿ.'

'ಯಾವಾಗ?'

'ಚಿಗೀತೈತಿ.'

ಫೋನಿನಲ್ಲಿ ಫೋಟೋ ಇದ್ದವು. ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅದನ್ನೇ ಕೇಳಿದ್ದಾರೆ. ಆಕಾಶದ ಬೆಳಕಿನ ಎದುರು ತೆಗೆದ ಫೋಟೋದಲ್ಲಿ ಗಿಡ ಬರೀ ಒಂದು ಕರಿ ಮುದ್ದೆ. ಎಲೆಯೂ ಇಲ್ಲ, ಟೊಂಗೆಯೂ ಇಲ್ಲ. ಅದನ್ನು ನೋಡಿ ಬನ್ನಿ ಬರೆಯುವುದೂ ಒಂದೇ, ನೆರಳು ನೋಡಿ ಮನುಷ್ಯನ ಮೂಗು ಬರೆಯುವುದೂ ಒಂದೇ.

ಮನೆಗೆ ಬಂದು ಎರಡು ದಿನ ಖೋಲಿಯ ಕಡೆಗೇ ಹೋಗಲಿಲ್ಲ. ಮೂರನೆಯ ದಿನ, ಒಪ್ಪಿಕೊಳ್ಳಲು ಕಷ್ಟವಾದರೂ ಹೇಳುತ್ತೇನೆ, ಖೋಲಿಯ ಬಾಗಿಲು ಹಾಕಿಕೊಂಡು ನೆನಪಿನಿಂದ ಎಡಗಡೆಯ ಎಲೆ ಬರೆಯತೊಡಗಿದೆ. ಸರಾಗವಾಗಿ ಬಂತು. ಅದೇ ಅನುಮಾನಕ್ಕೆ ಕಾರಣ. ಎದುರು ಕೂತು ಬರೆಯುವಾಗ ಯಾವತ್ತೂ ಅಷ್ಟು ಸರಾಗ ಬಂದಿರಲಿಲ್ಲ. ಸಂಜೆ ಹೆಂಡತಿ ಮನೆಯಿಂದ ಚಹಾ ತಂದವಳು ನೋಡಿ, 'ಛಲೋ ಆಗೇತ್ರಿ' ಎಂದಳು. ಸ್ವಲ್ಪ ಹೊತ್ತು ನಿಂತು, 'ಈ ಕಡೆ ಯಾಕೋ ಬೇವಿನ ಗಿಡದಂಗ ಕಾಣತೈತಿ' ಎಂದಳು.

ನೋಡಿದೆ. ಹೌದು. ಎಲೆಗಳು ಗೊಂಚಲು ಗೊಂಚಲಾಗಿ ಜೋತುಬಿದ್ದಿದ್ದವು. ಅದು ನಮ್ಮ ಓಣಿಯ ಮೂಲೆಯ ಬೇವು. ದಿನಾ ಅದರ ಕೆಳಗೆ ಸ್ಕೂಟರ್ ನಿಲ್ಲಿಸುತ್ತೇನೆ. ನನ್ನ ತಲೆ ಬನ್ನಿ ಸಿಗದೆ ಹತ್ತಿರದ ಗಿಡವನ್ನು ಎತ್ತಿಕೊಟ್ಟಿತ್ತು, ನನಗೆ ಹೇಳದೆ.

'ಎರಡೂ ಸಣ್ಣ ಎಲೀನ. ಯಾರಿಗ್ಗೊತ್ತಾಗತೈತಿ ಬಿಡ್ರಿ' ಎಂದಳು ಹೆಂಡತಿ, ಸಮಾಧಾನಕ್ಕೆ.

'ನೀ ಈಗ ಹೇಳಿದೆಲ್ಲ!'

'ನನಗ ಗೊತ್ತಾತು. ಮಂದಿಗೆ ಎಲ್ಲಿ ಗೊತ್ತಾಗಬೇಕು?'

ಚಾಕು ತೆಗೆದುಕೊಂಡು ಅಷ್ಟನ್ನೂ ಕೆರೆದು ಹಾಕಿದೆ. ಮತ್ತೆ ಶಿರಗುಪ್ಪಿಗೆ ಹೋದೆ. ನಿಯಮ ಎಂದರೆ ನಿಯಮ. ಎದುರಿಗೆ ಏನಿದೆಯೋ ಅದನ್ನೇ ಬರೆಯುವುದು. ಎಡಗಡೆ ಮುರಿದ ಟೊಂಗೆ ಇದ್ದರೆ ಮುರಿದ ಟೊಂಗೆ. ಮೊದಲೇ ಮುಗಿದ ಬಲಗಡೆಯನ್ನು ಈಗಿನ ಸ್ಥಿತಿ ನೋಡಿ ತಿದ್ದುವ ಮನಸ್ಸಾಗಬಾರದೆಂದು ಆ ಕಡೆಗೆ ಒಂದು ಛತ್ರಿ ಬಿಚ್ಚಿ ನಿಲ್ಲಿಸಿ, ಎಡವನ್ನಷ್ಟೇ ನೋಡುತ್ತ ಕೂತೆ. ಕಾಕಾ ಮಲಗಿದಲ್ಲಿಂದಲೇ, 'ಬಿಸಲ ಈ ಕಡೆ ಐತ್ರಿ ಮಾಸ್ತರ, ಛತ್ರಿ ಆ ಕಡೆ ಯಾಕ?' ಎಂದು ಕೂಗಿದರು. ನಾನು ಛತ್ರಿಯನ್ನು ಇನ್ನೊಂದಿಷ್ಟು ಆ ಕಡೆಗೇ ವಾಲಿಸಿದೆ.

ಹೀಗೆ ಚಿತ್ರ ಮುಗಿಯಿತು. ಬಲಕ್ಕೆ ಮಳೆಗಾಲದ ದಟ್ಟ ಹಸಿರು, ಎಡಕ್ಕೆ ಬೋಳು ಸೀಳು. ಯಾವ ದಿನವೂ ಹಾಗೆ ಇರದಿದ್ದ ಒಂದು ಗಿಡ. ಆದರೆ ಅದರ ಪ್ರತಿಯೊಂದು ಗೆರೆಯೂ ನಾನು ಕಂಡದ್ದು. ಪ್ರದರ್ಶನದ ನಡುಗೋಡೆಗೆ ಅದನ್ನು ತೂಗುಹಾಕಿ ಪಕ್ಕದಲ್ಲಿ ನಿಂತೆ. ಬಂದವರೆಲ್ಲ ಕೇಳಿದ್ದು ಒಂದೇ: 'ಸಿಡ್ಲ ಬಡದೈತೇನ್ರಿ?' ನಿವೃತ್ತ ಪ್ರಾಧ್ಯಾಪಕರೊಬ್ಬರು ಬಹಳ ಹೊತ್ತು ನೋಡಿ, ಎಡಭಾಗ ಬದುಕಿನ ಸಂಜೆಯನ್ನು ಸೂಚಿಸುತ್ತದೆ ಎಂದರು. 'ಇಲ್ರಿ, ಬನ್ನಿ ಮುರದದ್ದು' ಎಂದೆ. ಅವರಿಗೆ ನಿರಾಶೆಯಾಯಿತು. ಬಂದವರೆಲ್ಲ ಹಿಂದಿನ ವಾರವಷ್ಟೇ ಬನ್ನಿ ಹಂಚಿದವರೇ, ಒಬ್ಬರಿಗೂ ಹೊಳೆಯಲಿಲ್ಲ. ಇದರಿಂದ ನನಗೆ ಸ್ವಲ್ಪ ಸಮಾಧಾನವೂ ಆಯಿತು ಎಂದು ಹೇಳಬೇಕು.

ಕೊನೆಯ ದಿನ ಕಾಕಾ ಬಂದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ. ಉಳಿದ ಚಿತ್ರಗಳನ್ನು ತಿರುಗಿಯೂ ನೋಡದೆ ನೇರ ಬನ್ನಿಯ ಮುಂದೆ ಹೋಗಿ ಕೈಮುಗಿದು ನಿಂತರು. ಮಳೆಗಾಲವಿಡೀ ನೋಡದವರು ಈಗ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ಬಲಭಾಗದ ಕೆಳಗೆ, ಹೊಲದ ಕಡೆಗೆ ಚಾಚಿಕೊಂಡಿರುವ ಒಂದು ಟೊಂಗೆಯ ಮೇಲೆ ಬೆರಳಿಟ್ಟರು.

'ಮಾಸ್ತರ, ಇದೆಲ್ಲಿಂದ ಬಂತು?'

'ಗಿಡದಾಗಿತ್ರಿ.'

'ಇರಲಿಲ್ಲ. ಟ್ರ್ಯಾಕ್ಟರ್ ತಲೀಗೆ ಬಡೀತೈತಂತ ಹ್ವಾದ ವರ್ಷ ನಾನ ಕೈಮುಗದು ಕಡದೇನಿ ಇದನ್ನ.'

'ಇತ್ತು ಕಾಕಾ. ನಾ ನೋಡೇ ಬರದೇನಿ.'

'ನನ್ನ ಗಿಡಾ, ನನ್ನ ಕೊಡ್ಲಿ. ನಾ ಕಡದದ್ದು ನನಗ್ಗೊತ್ತಿಲ್ಲೇನ್ರಿ?'

ಇಷ್ಟು ಖಂಡಿತವಾಗಿ ಒಬ್ಬ ಮನುಷ್ಯ ಹೇಳಿದರೆ ನನ್ನಂಥವನ ಗತಿ ಏನಾಗಬೇಕು? ನಾನು ಆ ಟೊಂಗೆಯನ್ನು ಕಂಡಿದ್ದೆನೇ? ಕಂಡ ನೆನಪಿದೆ. ಬೇವನ್ನೂ ಬನ್ನಿ ಎಂದು ಕಂಡಿದ್ದೆನಲ್ಲ. ಫೋನಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ, ಕರಿ ಮುದ್ದೆ. ಗೋಡೆಯ ಮೇಲಿದ್ದ ಆಮಂತ್ರಣದ ಆ ಸಾಲು ನನ್ನನ್ನೇ ನೋಡುತ್ತಿತ್ತು. ಆ ಟೊಂಗೆ ಇಲ್ಲದಿದ್ದರೆ ಚಿತ್ರದ ಬಲಭಾಗಕ್ಕೆ ಭಾರವೇ ಇಲ್ಲ. ಹಾಗಾದರೆ ಭಾರ ಬೇಕೆಂದು ನಾನೇ ಹುಟ್ಟಿಸಿದೆನೇ? ಅಲ್ಲಿ ನಿಲ್ಲಲಾಗಲಿಲ್ಲ. ಹೆಂಡತಿಯನ್ನು ಪ್ರದರ್ಶನದಲ್ಲಿ ಕೂಡಿಸಿ, ಕಾಕಾನನ್ನು ಸ್ಕೂಟರಿನ ಹಿಂದೆ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಕಿವಿಯಲ್ಲಿ, 'ಕಡದೇನ್ರಿ, ಖರೇ ಹೇಳ್ತೇನಿ' ಎನ್ನುತ್ತಲೇ ಇದ್ದರು.

ಗಿಡದ ಬಲಗಡೆ ಹೋಗಿ ನೋಡಿದೆವು. ಟೊಂಗೆ ಇದ್ದ ಜಾಗದಲ್ಲಿ ಒಂದು ಮೊಂಡು. ಕೊಡಲಿಯ ಪೆಟ್ಟಲ್ಲ. ಜನ ಜೋತುಬಿದ್ದು ಎಳೆದು ಸೀಳಿದ್ದು. ತೊಗಟೆ ಇನ್ನೂ ನೇತಾಡುತ್ತಿತ್ತು, ಒಳಗಿನ ಕಟ್ಟಿಗೆ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಈ ಹಬ್ಬದ ಗಾಯವೇ. ಅಂದರೆ ಹಬ್ಬದವರೆಗೂ ಟೊಂಗೆ ಇತ್ತು. ನಾನು ಕಂಡದ್ದು ನಿಜ.

ನನಗೆ ಕುಣಿಯಬೇಕೆನಿಸಿತು. ಆದರೆ ಕಾಕಾನ ಮುಖ ನೋಡಿದೆ. ಅವರು ಆ ಮೊಂಡನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

'ಹಂಗಾದ್ರ ನಾ ಕಡದದ್ದು ಯಾವ್ದು?'

ಗಿಡದ ಸುತ್ತ ಒಂದು ಸುತ್ತು ಬಂದೆವು. ಹಿಂಭಾಗದಲ್ಲಿ ಕೊಡಲಿಯ ಹಳೆಯ ಗುರುತು ಸಿಕ್ಕಿತು. ಕಾಕಾನ ಮುಖ ಅರಳಿತು. ಎರಡು ಹೆಜ್ಜೆ ಆಚೆ ಇನ್ನೊಂದು ಸಿಕ್ಕಿತು, ಅಷ್ಟೇ ಹಳೆಯದು.

'ಎರಡದಾವು' ಎಂದೆ.

'ನಾ ಒಂದ ಕಡದೇನಿ.'

'ಎರಡದಾವಲ್ರಿ.'

'ಅಂದ್ರ ಇನ್ನೊಂದು ಯಾರು ಕಡದ್ರು?' ಅವರ ದನಿ ಏರಿತು. 'ನನ್ನ ಬನ್ನಿಗೆ ಕೊಡ್ಲಿ ಹಾಕಾಕ ಯಾರಿಗೆ ಧೈರ್ಯ ಬಂತು?' ಆಚೆಯ ಹೊಲ ಕಾಕಾನ ತಮ್ಮನದು. ಅವರು ಆ ಕಡೆ ನೋಡಿದ ರೀತಿಗೆ ನನಗೆ ಗಾಬರಿಯಾಯಿತು. ಹತ್ತಿ ಬಿಡಿಸುತ್ತಿದ್ದ ಕಾಕಾನ ಹೆಂಡತಿ ಸಾಲಿನ ನಡುವಿನಿಂದ ಸೊಂಟ ನೆಟ್ಟಗೆ ಮಾಡಿ ಕೂಗಿದರು.

'ಎರಡೂ ನೀವ ಕಡದೀರಿ! ತಮ್ಮನ ಕೂಡ ಜಗಳಾ ತಗೀಬ್ಯಾಡ್ರಿ!'

'ನೀ ನೋಡಿಯೇನ?'

'ನೋಡಿಲ್ಲ. ಮತ್ಯಾರು ಕಡೀತಾರ?'

ಕಾಕಾ ಎರಡೂ ಗುರುತುಗಳ ಮೇಲೆ ಒಂದೊಂದು ಸಲ ಕೈಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

'ಮಾಸ್ತರ, ನಿಮ್ಮ ಚಿತ್ರದಾಗ ನೋಡಿ ಹೇಳ್ರಿ. ನಾ ಕಡದದ್ದು ಯಾವ್ದು?'

'ಕಡದ ಮ್ಯಾಲೆ ಅಲ್ರಿ ನಾ ಬಂದದ್ದು? ಇಲ್ಲದ ಟೊಂಗಿ ಚಿತ್ರದಾಗ ಹೆಂಗ ಸಿಗತೈತಿ?'

'ಹಂಗಾದ್ರ ಏನುಪಯೋಗ ಬಂತ್ರಿ ಅದು?'

ಇಷ್ಟು ವರ್ಷ ಪ್ರದರ್ಶನಕ್ಕೆ ಬಂದ ಯಾರೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ಸಿಟ್ಟಿನಿಂದ ಸ್ಕೂಟರಿನ ಕಡೆ ನಡೆದೆ. ಕಾಕಾ ನನ್ನ ಚೀಲ ಹಿಡಿದು ನಿಲ್ಲಿಸಿದರು.

'ಹೋಗಬ್ಯಾಡ್ರಿ. ಈಗ ಹೆಂಗೈತಿ ಹಂಗ ತಗದಬಿಡ್ರಿ ಒಮ್ಮೆ. ಎಲ್ಲಾ ಮೊಂಡಾ ಬರಬೇಕು ನೋಡ್ರಿ. ಮುಂದಿನ ವರ್ಷಕ್ಕ ಯಾರೂ ನನಗ ಸುಳ್ಳು ಹೇಳಬಾರದು. ನಾನೂ ಹೇಳಬಾರದು.'

ಬದುವಿನ ಮೇಲೆ ಕೂತೆ. ಇದ್ದಿಲು ತೆಗೆದೆ. ಮೊದಲ ಗೆರೆ ಎಳೆಯುವಷ್ಟರಲ್ಲಿ ಹೆಗಲ ಮೇಲೆ ಅವರ ಉಸಿರು ಬಿತ್ತು.

'ಅಷ್ಟ್ ಉದ್ದ ಇಲ್ರಿ ಅದು.'

'ನೋಡೇ ಬರಿಯಾಕತ್ತೇನ್ರಿ ಕಾಕಾ.'

'ನಾನೂ ನೋಡಾಕತ್ತೇನ್ರಿ. ಅಷ್ಟ್ ಉದ್ದ ಇಲ್ಲ.'

ಎದ್ದು ಹೋಗಿ ಗೇಣು ಹಾಕಿ ಅಳೆದು ಬಂದೆ. ಅವರೂ ಹೋಗಿ ತಮ್ಮ ಗೇಣು ಹಾಕಿ ಅಳೆದು ಬಂದರು. ಅವರ ಗೇಣು ದೊಡ್ಡದು.